ಚೌಡಿ ಕಲ್ಲಿನ ಪಕ್ಕದ ಗೋಲು

ವಿಶ್ವಕಪ್ ಫುಟ್‌ಬಾಲಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಅರವತ್ತಾರರ ಲಂಡನ್ ಫೈನಲ್ಲಿನ ಆ ಮೂರನೇ ಗೋಲನ್ನು ಎತ್ತಿಯೇ ಎತ್ತುತ್ತಾರೆ. ಇಂಗ್ಲೆಂಡಿನವನು ಒದ್ದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು, ಕೆಳಗೆ ಬಿದ್ದು, ಪುಟಿದು ಹೊರಗೆ ಬಂತು. ಗೆರೆ ದಾಟಿತ್ತೋ ಇಲ್ಲವೋ? ರೆಫರಿಗೇ ಖಾತ್ರಿಯಿರಲಿಲ್ಲ. ಅಂಚಿನಲ್ಲಿ ಬಾವುಟ ಹಿಡಿದು ನಿಂತವನನ್ನು ಕೇಳಿದ, ಅವನು ಹೌದೆಂದು ತಲೆಯಾಡಿಸಿದ, ಗೋಲಾಯಿತು. ಜರ್ಮನಿಯವರು ಇವತ್ತಿಗೂ ಒಪ್ಪಿಲ್ಲ. ಒಪ್ಪದಿದ್ದರೆ ಬಿಡಲಿ! ಪೀಪಿ ಊದಿದ ಮೇಲೆ ವಾದಕ್ಕೆ ನಿಲ್ಲುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥದೇ ಒಂದು ಗೋಲು ನನ್ನ ತಂಗಿಯ ಮದುವೆಯನ್ನೇ ಮುರಿಯುವುದರಲ್ಲಿತ್ತು.

ಆಗ ನಾನು ಹೊಸನಗರದ ಕಡೆಯ ಒಂದು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಸಾಗರಕ್ಕೆ ಹೋದಾಗಲೆಲ್ಲ ವಾಚನಾಲಯದಲ್ಲಿ ಕೂತು ಹಳೆಯ ಪತ್ರಿಕೆಗಳನ್ನು ತಿರುವಿ ಹಾಕಿ, ವಿಶ್ವಕಪ್ಪಿನ ಚರಿತ್ರೆಯನ್ನು ತಲೆಯಲ್ಲಿ ತುಂಬಿಕೊಂಡು ಬರುತ್ತಿದ್ದೆ. ಮೊದಲ ಕಪ್ಪು ಉರುಗ್ವೆಯಲ್ಲಿ ನಡೆದದ್ದು, ನಡುವೆ ಯುದ್ಧ ಬಂದು ನಿಂತುಹೋದದ್ದು, ಆಮೇಲೆ ಬ್ರೆಜಿಲ್ಲಿಗೆ ನಮ್ಮ ದೇಶಕ್ಕೂ ಕರೆ ಬಂದು ನಾವು ಹೋಗದೇ ಉಳಿದದ್ದು. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದೇ ಹೋಗಲಿಲ್ಲ ಅಂತ ಜನ ಹೇಳುತ್ತಿದ್ದರು, ನಿಜವೋ ಸುಳ್ಳೋ. ನಮ್ಮೂರ ತಂಡಕ್ಕೆ ಮಾತ್ರ ಆ ಕತೆಯೆಂದರೆ ಪ್ರಾಣ, ಯಾಕೆಂದರೆ ಬೂಟು ಕಂಡ ಕಾಲು ಅಲ್ಲಿ ಒಂದೂ ಇರಲಿಲ್ಲ.

ಅರವತ್ತಾರರ ಆ ಫೈನಲ್ ಮುಗಿದ ನಂತರದ ಸುಗ್ಗಿ. ಕೊಯ್ಲಾದ ನಮ್ಮ ಗದ್ದೆಯಲ್ಲೇ ಕೋಣಂದೂರಿನವರ ಜೊತೆ ಪಂದ್ಯ, ನಾನು ರೆಫರಿ. ಅವರ ಗೋಲ್‌ಕೀಪರ್ ಬೇರೆ ಯಾರೂ ಅಲ್ಲ, ಕೆಲವೇ ದಿನಗಳ ಹಿಂದೆ ನನ್ನ ತಂಗಿಯನ್ನು ನೋಡಿಕೊಂಡು ಹೋದ ವರ. ಹೇಳಿ ಕಳಿಸುತ್ತೇವೆ ಅಂದವರು ಇನ್ನೂ ಏನೂ ಹೇಳಿರಲಿಲ್ಲ. ಅವತ್ತು ಆಟ ನೋಡಲು ವರನ ಅಪ್ಪನೂ ಬಂದಿದ್ದರು.

"ನೋಡು, ನಿನ್ನ ಸಿಟ್ಟನ್ನ ಇವತ್ತೊಂದಿನ ಗೂಟಕ್ಕೆ ಕಟ್ಟಿ ಬಾ. ಒಳ್ಳೆ ಸಂಬಂಧ, ಕೆಡಿಸ್ಬ್ಯಾಡ," ಅಂದರು ನಮ್ಮ ಅಪ್ಪಯ್ಯ, ಬೆಳಿಗ್ಗೆಯೇ.

ತಂಗಿ ಅಲ್ಲೇ ಇದ್ದಳು. ಒಪ್ಪಿಗೆಯೇ ಅಂತ ಅವಳನ್ನು ಯಾರೂ ಕೇಳಿರಲಿಲ್ಲ.

ಗದ್ದೆಯ ಪಶ್ಚಿಮದ ಅಂಚಿನಲ್ಲಿ ಊರು ಕಾಯುವ ದೇವತೆ ಚೌಡಿಯ ಕಲ್ಲು. ಅದರ ಪಕ್ಕ ಬಿದಿರು ಗಳ ನೆಟ್ಟು, ಮೇಲೊಂದು ಗಳ ಅಡ್ಡ ಕಟ್ಟಿ, ಒಲೆಯ ಬೂದಿಯಲ್ಲಿ ಗೆರೆ ಎಳೆದಿದ್ದೆವು. ಎದುರಿನ ಗೋಲಿಗೂ ಹಾಗೆಯೇ. ಆಟ ಸಮಸಮವಾಗಿಯೇ ಮುಗಿಯುವ ಹೊತ್ತಿಗೆ ನಮ್ಮೂರವನೊಬ್ಬ ಬೀಸಿ ಒದ್ದ. ಚೌಡಿಯ ಕಡೆಯ ಅಡ್ಡಗಳಕ್ಕೆ ಚೆಂಡು ಬಡಿಯಿತು, ಬೂದಿ ಗೆರೆಯ ಆಚೆ ಬಿತ್ತು, ಕೊಯ್ದುಳಿದ ಕೂಳೆಗೆ ತಾಗಿ ಈಚೆ ಹಾರಿತು. ನಾನು ಗೆರೆಯ ನೇರಕ್ಕೇ ಇದ್ದೆ. ಸ್ಪಷ್ಟವಾಗಿ ಕಂಡಿತು. ಕಾಣದೇ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ದೇವರೇ, ಅನ್ನಿಸಿತು. ಪೀಪಿ ಊದಿದೆ.

"ನಿಮ್ಮೂರ ಆಟ, ನಿಮ್ಮೂರ ಮೇಷ್ಟ್ರು, ನಿಮ್ಮೂರ ಪೀಪಿ!" ವರನ ಅಪ್ಪ ಪಂಚೆ ಎತ್ತಿ ಕಟ್ಟಿ ಗದ್ದೆಗೇ ಇಳಿದರು. "ಮೋಸ ಮಾಡೋ ಮನೆಯಿಂದ ನಾವು ಹೆಣ್ಣು ತರಾದಾ?"

ನಮ್ಮ ಕಡೆ ಗದ್ದೆಯಂಚಿನ ಜಗಳವಿರಲಿ, ತಪ್ಪಿಹೋದ ದನದ ತಕರಾರಿರಲಿ, ಬಗೆಹರಿಯುವುದು ಒಂದೇ ರೀತಿ. ಹಿರಿಯರೊಬ್ಬರು ಅದನ್ನೇ ಹೇಳಿದರು. "ಬಾಯಿ ಎಂತಕ್ಕೆ ಮಾಡ್ತೀರಿ? ಚೌಡಿ ಇಲ್ಲೇ ಇದಾಳಲ್ಲ. ಮೇಷ್ಟ್ರು ಕಲ್ಲು ಮುಟ್ಟಿ ಹೇಳ್ಲಿ."

ನನಗೆ ನೆತ್ತಿಗೇರಿತು. "ಲಂಡನ್ನಲ್ಲಿ ಯಾವ ಚೌಡಿ ಇದ್ಲು? ಅಲ್ಲಿ ಬಾವುಟದವ್ನ ಹತ್ರ ಯಾರಾದ್ರೂ ಆಣೆ ಹಾಕಿಸಿದ್ರಾ? ನಾ ಕಂಡಿದ್ದಕ್ಕೆ ಊದೀನಿ. ಕಲ್ಲು ಮುಟ್ಟಾದಿಲ್ಲ."

ಆಣೆಗೆ ಹಿಂಜರಿದವನು ಸುಳ್ಳ, ಇದು ಊರಿನ ಲೆಕ್ಕ. ಎಲ್ಲರೂ ನನ್ನ ಮುಖವನ್ನೇ ನೋಡಿದರು. ಅಪ್ಪಯ್ಯ ತಲೆ ಮೇಲೆ ಕೈ ಹೊತ್ತು ಬದುವಿನ ಮೇಲೆ ಕೂತುಬಿಟ್ಟರು. ಇದ್ದೊಬ್ಬ ತಂಗಿಯ ಬಾಳನ್ನು ಒಂದು ಪೀಪಿಗೆ ಕಳೆದೆನಲ್ಲ ಅಂತ ನನಗೆ ಅಳುವೇ ಬಂತು. ಆದರೂ ಕಲ್ಲಿನ ಕಡೆ ಹೋಗಲಿಲ್ಲ.

"ಹಂಗಾದ್ರೆ ಗೋಲ್‌ಕೀಪರ್ ಮುಟ್ಲಿ," ಅಂದಿತು ಗುಂಪು.

ಆ ವರ ಅಂಗೈಯ ಮಣ್ಣನ್ನು ಚಡ್ಡಿಗೆ ಒರೆಸಿಕೊಂಡು ನನ್ನನ್ನೇ ಒಂದು ಗಳಿಗೆ ನೋಡಿದ. "ಆಣೆ ಗೀಣೆ ಎಂತಕ್ಕೆ? ಚೆಂಡು ಗೆರೆಯಾಚೆ ಬಿತ್ತು. ಗೋಲು ಅಂದ್ರೆ ಗೋಲು," ಅಂದ. ಅವನ ಅಪ್ಪ ಎತ್ತಿ ಕಟ್ಟಿದ್ದ ಪಂಚೆಯನ್ನು ಕೆಳಗಿಳಿಸಿದರು.

ಸಂಜೆ ತಂಗಿ ನನ್ನನ್ನು ಹಿತ್ತಿಲಿಗೆ ಕರೆದಳು. ಸುದ್ದಿ ಆಗಲೇ ಅವಳಿಗೆ ಮುಟ್ಟಿತ್ತು.

"ಅವರ ಹತ್ರ ಕಲ್ಲು ಮುಟ್ಟಿಸಿದ್ರಾ?"

"ಇಲ್ಲ. ಹಂಗೇ ಹೇಳ್ದ."

"ಹಂಗಾದ್ರೆ ಅಪ್ಪಯ್ಯಂಗೆ ಹೇಳು, ನಂಗೆ ಒಪ್ಗೆ ಅಂತ."

ಆ ಕಡೆಯಿಂದಲೂ ಒಪ್ಪಿಗೆ ಬಂತು, ಮದುವೆಯಾಯಿತು. ಎಷ್ಟೋ ವರ್ಷದ ಮೇಲೆ ಕೋಣಂದೂರಿನ ಅವರ ಮನೆಯಲ್ಲಿ, ಟೀವಿಯಲ್ಲಿ ವಿಶ್ವಕಪ್ ನೋಡುತ್ತಾ ಕೂತಿದ್ದೆವು. ಆಟದ ಮಧ್ಯೆ ಹಳೆಯ ಚಿತ್ರಗಳನ್ನು ತೋರಿಸುವಾಗ ಅದೇ ಅರವತ್ತಾರರ ಗೋಲು ಬಂತು. ತಂಗಿ ಕಾಫಿಗೆಂದು ಒಳಗೆ ಹೋಗಿದ್ದಳು. ಭಾವ ನನ್ನ ಹತ್ತಿರಕ್ಕೆ ಜರುಗಿದ.

"ನಿನ್ನ ತಂಗಿಗೆ ಹೇಳ್ಬ್ಯಾಡ ಮಾರಾಯ. ಅವತ್ತು ಹಾರಿದಾಗ ನೆಲಕ್ಕೆ ಬಿದ್ದೆ ನೋಡು, ಮುಖ ಪೂರ್ತಿ ಮಣ್ಣಲ್ಲಿತ್ತು. ಚೆಂಡು ಎಲ್ಲಿ ಬಿತ್ತು ಅಂತ ನಂಗೆ ಕಂಡೇ ಇಲ್ಲ."

ನಾನು ಬೆಪ್ಪಾದೆ. "ಮತ್ತೆ ಗೋಲು ಅಂದ್ಯಲ್ಲ ಭಾವ!"

"ಕಲ್ಲು ಮುಟ್ಟಿ ಹೇಳು ಅಂತ ಹಟ ಮಾಡಿದ್ರೆ ನನ್ನ ಬಾಯಿಂದ ಹೊರಡ್ತಾನೇ ಇರ್ಲಿಲ್ಲ. ಆದ್ರೆ ನಿನ್ನ ಮುಖ ಕಂಡೆ. ತಂಗಿ ಮದ್ವೆ ಮುರೀತದೆ ಅಂತ ಗೊತ್ತಿದ್ದೂ ಪೀಪಿ ಊದ್ದವ, ಕಾಣ್ದೇ ಊದ್ತಾನಾ?"