ತೇಲಿದ ಮೊಟ್ಟೆಗಳು

ಆಗೆಲ್ಲ ಕೊಚ್ಚಿ ಹತ್ತಿರದ ಏಲೂರಿನ ನಮ್ಮ ಓಣಿಯಲ್ಲಿ ಬೇಲಿ ಇದ್ದದ್ದು ಕೋಳಿಗಳಿಗೆ ಮಾತ್ರ. ಮಕ್ಕಳು, ಮೀನುಸಾರಿನ ಬಟ್ಟಲು, ಹೊಸ ಸುದ್ದಿ ಎಲ್ಲವೂ ಅದನ್ನು ದಾಟಿ ಓಡಾಡುತ್ತಿದ್ದವು. ಅಪ್ಪ ಗೊಬ್ಬರದ ಕಾರ್ಖಾನೆಯ ಕೆಲಸಕ್ಕೆಂದು ನಮ್ಮನ್ನು ಮಂಜೇಶ್ವರದಿಂದ ಅಲ್ಲಿಗೆ ಕರೆತಂದಿದ್ದರು. ಗಾಳಿ ಈಚೆ ತಿರುಗಿದರೆ ಮೂಗು ಉರಿ; ಆಚೆ ತಿರುಗಿದರೆ ಪಕ್ಕದ ಮನೆಯ ರೋಸಿ ಚೇಚಿ, ಅಂದರೆ ರೋಸಿ ಅಕ್ಕ, ಹುರಿಯುವ ತೆಂಗಿನಕಾಯಿಯ ಪರಿಮಳ.

ನಮ್ಮ ಹೇಂಟೆ ಕಾವಿಗೆ ಕೂತದ್ದು ಬೇಸಿಗೆ ರಜೆಯಲ್ಲಿ. ನಮ್ಮಲ್ಲಿ ಹುಂಜ ಇರಲಿಲ್ಲ, ಹಾಗಾಗಿ ಮೊಟ್ಟೆ ಚೇಚಿಯ ಮನೆಯದು. ಯಾರು ಕೊಟ್ಟದ್ದನ್ನೂ ಅಮ್ಮ ಸುಮ್ಮನೆ ತೆಗೆದುಕೊಳ್ಳುವವಳಲ್ಲ. ಒಂದೊಂದನ್ನೂ ಬೋಗುಣಿಯ ನೀರಿಗೆ ಬಿಟ್ಟು ನೋಡಿದಳು. ತಾಜಾ ಮೊಟ್ಟೆ ಮುಳುಗುತ್ತದೆ, ಹಾಳಾದದ್ದು ತೇಲುತ್ತದೆ; ಅವಳಿಗೆ ಗೊತ್ತಿದ್ದ ಪರೀಕ್ಷೆ ಅದೊಂದೇ. ಎಲ್ಲವೂ ಮುಳುಗಿದವು. ಆದರೂ ಎಲ್ಲಕ್ಕೂ ಗುರುತಿಗೆ ಮಸಿಯ ಗೆರೆ ಎಳೆದೇ ಬುಟ್ಟಿಗಿಟ್ಟಳು. ಮೊದಲ ಮರಿ ನನಗೆ ಎಂದು ಮಾತಾಗಿತ್ತು.

ನಡುವೆ ಮದುವೆಯೊಂದಕ್ಕೆ ಊರಿಗೆ ಹೋದೆವು. ಕೋಳಿಯನ್ನು ಚೇಚಿ ನೋಡಿಕೊಂಡರು. ಹಿಂದಿರುಗಿದವಳೇ ಅಮ್ಮ, ಸೀರೆಯನ್ನೂ ಬದಲಿಸದೆ, ಒಂದು ಮೊಟ್ಟೆಯನ್ನು ನೀರಿಗೆ ಬಿಟ್ಟಳು. ತೇಲಿತು. ಇನ್ನೊಂದು ಬಿಟ್ಟಳು. ಅದೂ ತೇಲಿತು.

"ನೋಡಿದ್ಯಾ! ಒಳ್ಳೇದನ್ನೆಲ್ಲ ತಾನು ಇಟ್ಕೊಂಡು, ಅಂಗಡಿಯ ಹಳತು ತಂದು ಇಟ್ಟಿದ್ದಾಳೆ."

"ಮಸಿ ಗೆರೆ ಉಂಟಲ್ಲ ಅಮ್ಮ?"

"ಅವಳ ಒಲೆಯಲ್ಲಿ ಮಸಿ ಇಲ್ವಾ? ಗೆರೆ ಎಳೀಲಿಕ್ಕೆ ಎಂತ, ಪರೀಕ್ಷೆ ಪಾಸಾಗ್ಬೇಕಾ?"

ನನಗೂ ಅನುಮಾನ ಅಂಟಿತು. ಅವತ್ತು ಸಂಜೆ ಚೇಚಿ ಕೊಟ್ಟ ಉಣ್ಣಿಯಪ್ಪವನ್ನು ಮೂಸಿ ನೋಡಿಯೇ ತಿಂದೆ.

ಮರುದಿನ ಅಮ್ಮ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. "ಹೊಳೆಗೆ ಎಸೆದು ಬಾ. ಆ ಬೇಲಿ ಹತ್ರ ನಿಲ್ಬೇಡ."

ಹೇಂಟೆ ಕೂಗುತ್ತಾ ನನ್ನ ಹಿಂದೆಯೇ ಬಂತು. ಆ ಗಲಾಟೆಗೆ ಚೇಚಿ ಹೊರಗೆ ಬಂದು ಕೇಳಿದರು: "ಎವಿಡೇಕ್ಕಾ ಮೋಳೇ?" ಎಲ್ಲಿಗೆ ಮಗಳೇ ಎಂದು ಅವರು ಕೇಳಿದ್ದೇ ತಡ, ನನಗೆ ಅಳು ಉಕ್ಕಿತು.

"ಎಸೀಲಿಕ್ಕೆ. ಎಲ್ಲ ತೇಲ್ತದೆ."

ಚೇಚಿ ಬುಟ್ಟಿಯನ್ನು ಕಸಿದುಕೊಂಡರು. ನೀರು ಕಾಯಿಸಿ, ಕೂಸಿಗೆ ಸ್ನಾನ ಮಾಡಿಸುವಾಗಿನ ಹಾಗೆ ಮೊಣಕೈ ಅದ್ದಿ ಬಿಸಿ ನೋಡಿ, ಬೋಗುಣಿಗೆ ಸುರಿದು ಮೊಟ್ಟೆಗಳನ್ನು ಮೆಲ್ಲನೆ ಬಿಟ್ಟರು. ನೀರಿನ ಅಲುಗಾಟ ನಿಂತಿತು. ನಾವು ಕಾದೆವು. ತೇಲುತ್ತಿದ್ದ ಒಂದು ಮೊಟ್ಟೆ ತಾನಾಗಿಯೇ ಮಿಸುಕಿತು.

ಅಷ್ಟರಲ್ಲಿ ಅಮ್ಮ ಕೈಕಟ್ಟಿಕೊಂಡು ಬೇಲಿಯ ಆಚೆ ನಿಂತಿದ್ದಳು.

"ಗಾಳಿಗೆ ಅಲ್ಲಾಡ್ತಾ ಉಂಟು."

ಚೇಚಿ ಹೆಗಲ ಮೇಲಿನ ತೋರ್ತು ಬಟ್ಟೆ ಬಿಚ್ಚಿ ಗಾಳಿಗೆ ಅಡ್ಡ ಹಿಡಿದರು. ಮೊಟ್ಟೆ ಮತ್ತೆ ಅಲ್ಲಾಡಿತು.

"ನೀನು ಕಾಲಲ್ಲಿ ಬೋಗುಣಿ ತಟ್ತಾ ಇದ್ದಿ."

ಚೇಚಿ ಎದ್ದು ದೂರ ಹೋಗಿ ನಿಂತರು. ಅಮ್ಮನಿಂದಲೇ ಕಲಿತ ಹರಕು ಕನ್ನಡದಲ್ಲಿ ಹೇಳಿದರು: "ಇನ್ನು ನೀನೇ ಬಾ. ನೋಡು."

ಅಮ್ಮ ಬೇಲಿ ದಾಟಿ ಬಂದು ಕುಕ್ಕರಗಾಲಲ್ಲಿ ಕೂತಳು. ಉಸಿರು ಬಿಗಿಹಿಡಿದು ನೋಡಿದಳು. ಮೊಟ್ಟೆಯೊಂದು ಅವಳ ಕಡೆಗೇ ತಿರುಗಿ ಕುಣಿಯಿತು.

"ಅಯ್ಯೋ ದೇವರೇ, ಒಳಗೆ ಯಾರೋ ಇದ್ದಾರೆ!"

ಒಂದೊಂದನ್ನೂ ಸೆರಗಿನಲ್ಲಿ ಒರೆಸಿ, ಓಡಿ ಹೋಗಿ ಹೇಂಟೆಯ ಅಡಿಯಲ್ಲಿಟ್ಟಳು. ತಪ್ಪಾಯಿತು ಎನ್ನಲಿಲ್ಲ. ಆದರೆ ಚಿಪ್ಪು ಒಡೆದ ದಿನ ಮೊದಲ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ನೇರ ಚೇಚಿಯ ಮನೆಗೆ ನಡೆದಳು. ನಾನು ಎರಡನೆಯದನ್ನು ಹಿಡಿದುಕೊಂಡು ಅತ್ತೆ.

ಈಗ ಕೊಚ್ಚಿಯ ಫ್ಲ್ಯಾಟಿನಲ್ಲಿ ಮೊಮ್ಮಗಳಿಗೆ ಶಾಲೆಯ ವಿಜ್ಞಾನದ ಪಾಠ. ಮೊನ್ನೆ ಅಂಗಡಿಯ ಮೊಟ್ಟೆಯೊಂದನ್ನು ತಕ್ಕಡಿಯಲ್ಲಿಟ್ಟು ತೂಕ ನೋಡಿದಳು. ಗೆರೆಯಿರುವ ಗ್ಲಾಸಿಗೆ ಇಳಿಸಿ ನೀರು ಎಷ್ಟು ಏರಿತೆಂದು ನೋಡಿದಳು. ಅರ್ಧ ಮಲಯಾಳದಲ್ಲಿ, ಅರ್ಧ ಇಂಗ್ಲಿಷಿನಲ್ಲಿ ನನಗೂ ತಿಳಿಸಿದಳು: ಚಿಪ್ಪಿನ ಸಣ್ಣ ತೂತುಗಳಿಂದ ಒಳಗಿನ ನೀರು ಆರುತ್ತದಂತೆ, ಗಾತ್ರ ಅಷ್ಟೇ ಇದ್ದು ತೂಕ ಮಾತ್ರ ಇಳಿಯುತ್ತದಂತೆ, ಸಾಂದ್ರತೆ ಕಡಿಮೆಯಾಗಿ ತೇಲುತ್ತದಂತೆ. ಹಾಳಾದದ್ದೂ ಹಾಗೆಯೇ, ಕಾವಿಗಿಟ್ಟದ್ದೂ ಹಾಗೆಯೇ! ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇದು ಅರ್ಥವಾಯಿತಲ್ಲ ಎಂದು ಕುಣಿಯುವಷ್ಟು ಖುಷಿ. ಅವಳನ್ನು ಅಪ್ಪಿ ಮುದ್ದಾಡಿದೆ. "ಅಜ್ಜೀ, ಮದಿ ಮದಿ, ಸಾಕು!" ಎಂದು ನಕ್ಕು ಕೊಸರಿಕೊಂಡಳು. ಅಮ್ಮ ಇದ್ದಿದ್ದರೆ ತಕ್ಕಡಿಯನ್ನೇ ಮೊದಲು ಅನುಮಾನಿಸುತ್ತಿದ್ದಳು.

ಆ ಮೊಟ್ಟೆಯ ತೂಕ ಗ್ರಾಮಿನ ಲೆಕ್ಕದಲ್ಲಿ ಗೊತ್ತು. ಯಾರ ಕೋಳಿಯದ್ದೋ ಗೊತ್ತಿಲ್ಲ. ಹಾಳೆಂದು ಜಗಳಕ್ಕೆ ಹೋಗೋಣವೆಂದರೂ ಹೆಸರು ಹಿಡಿದು ಕರೆಯಲು ಒಬ್ಬರಿಲ್ಲ. ಪಾಠ ಮುಗಿಸಿ ಮೊಮ್ಮಗಳು ಒಳಗೆ ಹೋದಳು. ಹುಂಜವನ್ನೇ ಕಾಣದ ಕೋಳಿಯ ಮೊಟ್ಟೆ ಎಂದು ಗೊತ್ತಿದ್ದೂ, ಮಿಸುಕೀತೇನೋ ಎಂದು ಗ್ಲಾಸಿನ ಮುಂದೆ ನಾನು ಸ್ವಲ್ಪ ಹೊತ್ತು ಕಾದೆ.