ಹಿಂಬಾಗಿಲಿಗೆ ಹಿಡಿದ ಕೋವಿ

ಮನೆಗೆ ಕೋವಿ ಬೇಕೆಂದು ಹಟ ಹಿಡಿದವಳು ನಾನೇ. ಗಂಡ ಹೇಳಿದ್ದಲ್ಲ, ಅಣ್ಣ ತಲೆಗೆ ತುಂಬಿದ್ದೂ ಅಲ್ಲ. ಈಗ ಯಾರಾದರೂ ಕೇಳಿದರೆ ಅಣ್ಣನ ಮೇಲೆ ಹಾಕಿ ಜಾರಿಕೊಳ್ಳೋಣ ಅನ್ನಿಸುತ್ತದೆ. ಅದಕ್ಕೇ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕಾಪುವಿನಲ್ಲಿ ಹೆದ್ದಾರಿಯಿಂದ ಸಮುದ್ರದ ಕಡೆಗೆ ಇಳಿಯುವ ಒಂದು ಓಣಿಯಲ್ಲಿ ನಮ್ಮ ಮನೆ. ಗಂಡ ಹಡಗಿನಲ್ಲಿ ಇಂಜಿನಿಯರ್. ವರ್ಷದಲ್ಲಿ ಅರ್ಧ ನೀರಿನ ಮೇಲೆ, ಉಳಿದರ್ಧ ಸೋಫಾದ ಮೇಲೆ. ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ. ನಾನು ಉಡುಪಿಯ ಲ್ಯಾಬೊಂದರಲ್ಲಿ ರಕ್ತ ತೆಗೆಯುವವಳು, ಮಧ್ಯಾಹ್ನದ ಪಾಳಿ. ಸಣ್ಣ ಮಕ್ಕಳ ನರ ಸಿಗದಿದ್ದರೆ ಅಲ್ಲಿ ನನ್ನನ್ನೇ ಕರೆಯುತ್ತಾರೆ, ಯಾಕೆಂದರೆ ನನ್ನ ಕೈ ನಡುಗುವುದಿಲ್ಲ. ಆ ಹೆಮ್ಮೆ ನನಗೆ ಸ್ವಲ್ಪ ಜಾಸ್ತಿಯೇ ಇತ್ತು. ಕೋವಿಯ ಆಸೆ ಹುಟ್ಟಿದ್ದರಲ್ಲಿ ಅದರದ್ದೂ ಪಾಲಿದೆ.

ಪಕ್ಕದ ಓಣಿಯ ಮನೆಯವರು ಮದುವೆಗೆಂದು ಹಾಲ್‌ಗೆ ಹೋಗಿದ್ದಾಗ, ಹಾಡುಹಗಲೇ, ಅಡುಗೆಮನೆಯ ಬಾಗಿಲು ಮೀಟಿ ಒಳಗೆ ಹೋದ ಕಳ್ಳರು ಕಪಾಟಿನಲ್ಲಿದ್ದ ಚಿನ್ನವನ್ನೆಲ್ಲ ಬಾಚಿಕೊಂಡು ಹೋದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಓಣಿಯಲ್ಲಿ ಎಲ್ಲರೂ ಕ್ಯಾಮೆರಾ ಹಾಕಿಸಿದರು. ನನಗೆ ಕ್ಯಾಮೆರಾದಲ್ಲಿ ನಂಬಿಕೆ ಬರಲಿಲ್ಲ. ಕಳ್ಳನ ಫೋಟೋ ಇಟ್ಟುಕೊಂಡು ನಾನೇನು ಅವನಿಗೆ ಹೆಣ್ಣು ನೋಡಬೇಕೇ? ಫೋನಿನಲ್ಲಿ ಗಂಡನಿಗೆ ಹೇಳಿದೆ, ಕೋವಿ ಇಟ್ಟುಕೊಳ್ಳುತ್ತೇನೆ ಎಂದು. ಅವರು ನಕ್ಕರು. ನಕ್ಕದ್ದಕ್ಕೇ ಮರುದಿನ ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ಅರ್ಜಿ ತಂದೆ. ಆತ್ಮರಕ್ಷಣೆಗೆ ಎಂದು ಬರೆದು ಕೊಟ್ಟೆ. ಬರೆಯುವಾಗ ಎದೆ ಸ್ವಲ್ಪ ಉಬ್ಬಿತ್ತು ಎಂದರೆ ಸುಳ್ಳಲ್ಲ.

ಕಾರ್ಕಳದ ಅಣ್ಣನಲ್ಲಿ ಹಂದಿ ಓಡಿಸಲಿಕ್ಕೆ ಲೈಸೆನ್ಸಿನ ಕೋವಿ ಉಂಟು. ಪ್ರತಿ ಚುನಾವಣೆಗೂ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಕೊಟ್ಟು ಬರುವುದು, ಮುಗಿದ ಮೇಲೆ ವಾಪಸು ತರುವುದು ಅವನಿಗೊಂದು ಕೆಲಸ. "ನಿನಗೆ ಎಂತಕ್ಕೆ ಮಾರಾಯ್ತಿ ಇದೆಲ್ಲ? ಒಂದು ನಾಯಿ ಸಾಕು" ಎಂದ. ನಾನು ಕೇಳಲಿಲ್ಲ. ಬೈದುಕೊಂಡೇ ನನ್ನನ್ನು ಮಂಗಳೂರಿನ ಕೋವಿ ಅಂಗಡಿಗೆ ಕರೆದುಕೊಂಡು ಹೋದ.

ಅಂಗಡಿಯವರು ತೀರ ಸಾದಾ ಮನುಷ್ಯರು, ಬಟ್ಟೆ ಅಂಗಡಿಯವರ ಹಾಗೆ ಒಂದೊಂದೇ ಮುಂದಿಟ್ಟರು. ಲೈಸೆನ್ಸ್ ಬಂದ ಮೇಲೆಯೇ ಕೊಡುವುದು, ನೋಡಲಿಕ್ಕೆ ಅಡ್ಡಿಯಿಲ್ಲ ಎಂದರು. ಪಿಸ್ತೂಲು ನೋಡಲು ಚೆಂದ, ಆದರೆ ಅಭ್ಯಾಸವಿಲ್ಲದವರ ಕೈಯಲ್ಲಿ ಗೋಡೆಗೆ ಬೀಳುವುದೇ ಹೆಚ್ಚಂತೆ. ಜೋಡು ನಳಿಗೆಯ ಕೋವಿಯನ್ನು ಕೈಗೆ ಕೊಟ್ಟು, ಅದರ ಮರದ ಬುಡವನ್ನು ನನ್ನ ಮೊಣಕೈಯ ಮಡಿಕೆಗೆ ಆನಿಸಿ, ಬೆರಳು ಟ್ರಿಗರಿಗೆ ಎಟುಕುತ್ತದಾ ನೋಡಿದರು. ಎಟುಕಲಿಲ್ಲ. ಗಂಡಸರ ಅಳತೆಗೆ ಮಾಡಿದ್ದು, ಮರ ಸ್ವಲ್ಪ ಕೊಯ್ಯಿಸಬೇಕು ಎಂದರು. ರವಿಕೆ ಹೊಲಿಸುವಾಗಲೂ ನನಗೆ ಇಷ್ಟು ಮುತುವರ್ಜಿ ಸಿಕ್ಕಿರಲಿಲ್ಲ.

ಆಮೇಲೆ ತೋಟೆಗಳ ಪೆಟ್ಟಿಗೆ ತೆರೆದರು. ಕೆಂಪು, ಹಸಿರು ತೋಟೆಗಳು, ಒಳಗೆ ಬೇರೆ ಬೇರೆ ಗಾತ್ರದ ಚರೆ, ಅಂದರೆ ಸೀಸದ ಕಾಳು. "ಯಾವುದಕ್ಕಮ್ಮ, ಹಂದಿಗಾ ಮನುಷ್ಯರಿಗಾ?" ಎಂದು ಕೇಳಿದರು. ಮೀನು ಸಾರಿಗಾ ಹುರಿಯಲಿಕ್ಕಾ ಎಂದು ಕೇಳುವಷ್ಟೇ ಸಲೀಸಾಗಿ. ನಾನೂ ಅಷ್ಟೇ ಸಲೀಸಾಗಿ "ಮನುಷ್ಯರಿಗೆ" ಎಂದೆ. ಅಣ್ಣ ಬೇರೆ ಕಡೆ ನೋಡಿದ.

ದೊಡ್ಡ ಚರೆ ಹಾಕಿದರೆ ಬಾಗಿಲನ್ನೂ ದಾಟಿ ಪಕ್ಕದ ಮನೆಯ ಅಡುಗೆಮನೆಗೆ ಹೋದೀತು, ಮನೆಯೊಳಗೆ ಸಣ್ಣದೇ ಸಾಕು ಎಂದು ಅವರು ವಿವರಿಸಿದರು. "ನೀವು ನಿಲ್ಲುವುದು ಎಲ್ಲಿ, ಅವನು ಬರುವುದು ಎಲ್ಲಿಂದ, ನಡುವೆ ಎಷ್ಟು ದೂರ ಉಂಟು? ಮನೆಗೆ ಹೋಗಿ ನಿಂತು ನೋಡಿ. ಅದರ ಮೇಲೆ ಹೇಳುವ" ಎಂದರು. ಒಪ್ಪತಕ್ಕ ಮಾತು. ಅಣ್ಣ ತನ್ನ ತೋಟದಲ್ಲಿ ಮಂಗ ಓಡಿಸುವ ಏರ್‌ಗನ್ ಕೊಟ್ಟ. ಇದನ್ನು ಹಿಡಿದು ತೋಳಿಗೆ ಅಭ್ಯಾಸ ಮಾಡಿಕೋ ಎಂದ.

ಇಲ್ಲಿ ಮೀನಿನಕ್ಕನ ವಿಷಯ ಹೇಳಬೇಕು. ಮಲ್ಪೆಯಿಂದ ಮೀನು ತಂದು ನಮ್ಮ ಓಣಿಯಲ್ಲಿ ಮನೆಮನೆಗೆ ಕೊಡುವವರು. ನನಗಿಂತ ಹಿರಿಯರು, ಆದರೂ ಅವರು ನನ್ನನ್ನು ಅಕ್ಕ ಎನ್ನುತ್ತಾರೆ, ನಾನು ಅವರನ್ನು ಅಕ್ಕ ಎನ್ನುತ್ತೇನೆ. ಮಾತೆಲ್ಲ ತುಳುವಿನಲ್ಲಿ. ಮೀನು ಮಾರುವವರು ಗೇಟಿನಲ್ಲಿ ಕೂಗಿ, ಒಳಗಿನವರು ಕರೆದರೆ ಮಾತ್ರ ಬರುವುದು ಇಲ್ಲಿಯ ಪದ್ಧತಿ. ನಾನು ಮದುವೆಯಾಗಿ ಬಂದ ಹೊಸತರಲ್ಲೇ ಆ ಪದ್ಧತಿ ಬಿಡಿಸಿದ್ದೆ. "ನಮ್ಮ ಮನೆಯಲ್ಲಿ ಎಂತ ಕೂಗುವುದು? ಸೀದಾ ಹಿಂದೆ ಬನ್ನಿ" ಎಂದಿದ್ದೆ. ಅಂದಿನಿಂದ ಅವರು ಓಣಿಯ ಎಲ್ಲ ಮನೆಯಲ್ಲಿ ಕೂಗುತ್ತಾರೆ, ನಮ್ಮಲ್ಲಿ ಮಾತ್ರ ಮಾತಿಲ್ಲದೆ ಹಿಂಬಾಗಿಲಿಗೆ ಬಂದು ನಿಲ್ಲುತ್ತಾರೆ. ಬುಟ್ಟಿ ಇಳಿಸಲು ನಾನು ಕೈ ಕೊಡಬೇಕು, ಹೊರಡುವಾಗ ತಲೆಯ ಮೇಲೆ ಎತ್ತಿಡಲೂ ನಾನೇ. ತುಂಬಿದ ಬುಟ್ಟಿಯನ್ನು ಒಬ್ಬರೇ ಎತ್ತಿಕೊಳ್ಳಲಿಕ್ಕಾಗುವುದಿಲ್ಲ. ಮೀನು ಕೊಳ್ಳದ ಸೋಮವಾರವೂ ಅವರು ಬರುತ್ತಿದ್ದರು, ಒಂದು ಲೋಟ ನೀರು ಕುಡಿದು, ಸೊಂಟ ನೆಟ್ಟಗೆ ಮಾಡಿಕೊಂಡು ಹೋಗಲಿಕ್ಕೆ.

ಅಂಗಡಿಯಿಂದ ಬಂದ ಮರುದಿನ ಬೆಳಿಗ್ಗೆ ನಾನು ಸಾಮಾನಿನ ಕೋಣೆಯ ಬಾಗಿಲಲ್ಲಿ ನಿಂತೆ. ಅಲ್ಲಿಂದ ಅಡುಗೆಮನೆ ದಾಟಿ ಹಿಂಬಾಗಿಲು ನೇರ ಕಾಣುತ್ತದೆ. ಪಕ್ಕದ ಓಣಿಯಲ್ಲೂ ಕಳ್ಳರು ಹಿಂದಿನಿಂದಲೇ ಬಂದದ್ದು. ಏರ್‌ಗನ್ನಿನ ನಳಿಗೆಯನ್ನು ಕೀಲಿನಲ್ಲಿ ಕೆಳಗೆ ಬಗ್ಗಿಸಿ ಗಾಳಿ ಎಳೆದುಕೊಂಡೆ, ಒಳಗೆ ಗುಂಡು ಹಾಕಲಿಲ್ಲ. ಭುಜಕ್ಕೆ ಆನಿಸಿ ಬಾಗಿಲಿಗೆ ಗುರಿಯಿಟ್ಟೆ. ಬಾಗಿಲು ತೆರೆದೇ ಇತ್ತು, ಹಿತ್ತಿಲ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಖಾಲಿ ಬಾಗಿಲಿಗೆ ಗುರಿಯಿಡುವುದು ಸಪ್ಪೆ ಎನಿಸಿತು. ಅಲ್ಲೊಬ್ಬ ಕಳ್ಳನನ್ನು ನಿಲ್ಲಿಸಿಕೊಂಡೆ. ಅವನಿಗೆ ಮುಖ ಬೇಕಲ್ಲ? ಎದುರು ಸೈಟಿನಲ್ಲಿ ಮನೆ ಕಟ್ಟಲು ಬಂದಿರುವ ಹೊರ ಊರಿನ ಹುಡುಗರ ಮುಖವೇ ಮೊದಲು ಬಂತು. ತೆಳ್ಳಗೆ, ಕಪ್ಪಗೆ, ಲುಂಗಿ ಮೇಲೆ ಕಟ್ಟಿಕೊಂಡವರು. ಅವರು ನಮ್ಮ ಬಾವಿಯಿಂದ ಕುಡಿಯುವ ನೀರು ಒಯ್ಯುತ್ತಾರೆ, ತಲೆತಗ್ಗಿಸಿ ಥ್ಯಾಂಕ್ಸ್ ಹೇಳುತ್ತಾರೆ. ಅವರು ನನಗೆ ಮಾಡಿದ್ದು ಅಷ್ಟೇ. ಇದನ್ನು ಬರೆಯುವಾಗ ಮೈ ಹಿಡಿಯಾಗುತ್ತದೆ, ಆದರೆ ಆಗ ಏನೂ ಅನ್ನಿಸಲಿಲ್ಲ.

ಆಗಲೇ ಬಿಸಿಲಿಗೆ ಅಡ್ಡವಾಗಿ ಒಂದು ಆಕಾರ ಬಾಗಿಲು ತುಂಬಿತು. ನಾನು ಟ್ರಿಗರ್ ಒತ್ತಿದೆ.

ಒತ್ತಿಹೋಯಿತು ಎಂದು ಬರೆಯಬಹುದಿತ್ತು. ಒತ್ತಿದೆ. ಕೈ ನಡುಗಲಿಲ್ಲ. ಟಪ್ ಎಂದು ಗಾಳಿ ಹಾರಿದ ಸದ್ದಾಯಿತು. ಆಮೇಲೆ ಕಂಡದ್ದು ಬುಟ್ಟಿ, ಅದರ ಕೆಳಗೆ ಮೀನಿನಕ್ಕನ ಮುಖ. ಅವರು ಕಿರುಚಲಿಲ್ಲ, ಓಡಲಿಲ್ಲ. ಎರಡೂ ಕೈ ಮೇಲೆ ಹೋಗಿ ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದವು, ಅಷ್ಟೇ. ನಾನು ನಳಿಗೆಯನ್ನು ನೆಲಕ್ಕೆ ಇಳಿಸಿದೆ. ಅವರೇ ಕೇಳಿದರು.

"ಎಂತ ಅಕ್ಕ, ಮಂಗ ಬಂದಿತ್ತಾ?"

"ಹೌದು ಅಕ್ಕ, ಮಂಗ" ಎಂದೆ.

"ಭಾರಿ ಉಪದ್ರ ಅಲ್ವಾ ಈಗ" ಎಂದರು. ನನಗೆ ಬಚಾವಾಗಲು ಒಂದು ದಾರಿಯನ್ನು ಅವರೇ ಮಾಡಿಕೊಟ್ಟಿದ್ದರು, ನಾನು ನಾಚಿಕೆಯಿಲ್ಲದೆ ಅದರಲ್ಲಿ ನಡೆದೆ. ಬಂಗುಡೆ ತೆಗೆದುಕೊಂಡೆ, ಬೇಕಾದ್ದಕ್ಕಿಂತ ಹೆಚ್ಚೇ. ಚೌಕಾಸಿ ಮಾಡಲಿಲ್ಲ. ಬುಟ್ಟಿ ಎತ್ತುವಾಗ ನನ್ನ ಕೈ ನಡುಗಿತು. ಬುಟ್ಟಿ ವಾಲಿ ಮೀನಿನ ನೀರು ಅವರ ಕೆನ್ನೆಗೆ ಸುರಿಯಿತು. ಸೆರಗಿನಲ್ಲಿ ಒರೆಸಿಕೊಂಡು ಹೋದರು.

ಮರುದಿನ ಗೇಟಿನಿಂದ ಕೂಗು ಕೇಳಿತು. "ಮೀನ್ ಬೋಡಾ ಅಕ್ಕಾ?" ಮೀನು ಬೇಕಾ ಎಂದು. ನಮ್ಮ ಮನೆಯ ಮುಂದೆ ಆ ಕೂಗನ್ನು ನಾನು ಕೇಳದೆ ಎಷ್ಟು ಕಾಲವಾಗಿತ್ತೋ. ಹೊರಗೆ ಹೋದರೆ ಬುಟ್ಟಿ ಕಾಂಪೌಂಡಿನ ಕಂಬದ ಮೇಲಿತ್ತು. ಕಂಬ ಅವರ ಭುಜದ ಎತ್ತರಕ್ಕಿದೆ. ಅಲ್ಲಿಟ್ಟರೆ ಬಗ್ಗಿ ತಲೆ ಕೊಟ್ಟು ತಾವೇ ಎತ್ತಿಕೊಳ್ಳಬಹುದು, ಯಾರ ಕೈಯೂ ಬೇಡ. "ಹಿಂದೆ ಬನ್ನಿ ಅಕ್ಕ" ಎಂದೆ. "ಕಾಲು ನೋವು ಅಕ್ಕ, ಮೆಟ್ಟಿಲು ಆಗುವುದಿಲ್ಲ" ಎಂದರು. ನಮ್ಮ ಹಿಂಬಾಗಿಲಿಗೆ ಇರುವುದು ಒಂದೇ ಮೆಟ್ಟಿಲು. ನನ್ನ ಮಂಗಕ್ಕೆ ಅವರ ಕಾಲುನೋವು ಸರಿಹೋಯಿತು ಎಂದುಕೊಂಡೆ. ಹೀಗೆಯೇ ದಿನ ಹೋಯಿತು. ಬೆಳಿಗ್ಗೆ ಆ ಕೂಗು ಕೇಳಿದರೆ ಒಲೆಯ ಮುಂದೆ ನಿಂತವಳು ಸೌಟು ಹಾಗೇ ಬಿಟ್ಟು ಗೇಟಿಗೆ ಓಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನನ್ನು ಯಾರೂ ಏನೂ ಅನ್ನದೆಯೇ ನಾನು ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಮಂಗವಲ್ಲ ಎಂದು ಹೇಳಬೇಕೆಂದು ಹೋಗುವುದು, "ಬೂತಾಯಿ ಹೇಗೆ?" ಎಂದು ಮೀನಿನ ರೇಟು ಕೇಳಿ ಬರುವುದು.

ಒಂದು ದಿನ ನನ್ನ ಅರ್ಜಿಯ ವಿಚಾರಣೆಗೆ ಪೊಲೀಸರೊಬ್ಬರು ಬೈಕಿನಲ್ಲಿ ಬಂದರು. ಅಕ್ಕಪಕ್ಕದವರನ್ನು ಕೇಳಿ ಆಗಿತ್ತು. ನಾನು ಪಾತ್ರೆ ಹಿಡಿದು ಗೇಟಿನಲ್ಲಿದ್ದೆ, ಕಂಬದ ಮೇಲೆ ಬುಟ್ಟಿ ಇತ್ತು. ಅವರು ಮೀನಿನಕ್ಕನನ್ನು ನೋಡಿ ತಮಾಷೆಗೆ, "ನೀವು ದಿನಾ ಬರುವವರಲ್ವಾ? ಈ ಅಮ್ಮನಿಗೆ ಕೋವಿ ಕೊಡಬಹುದಾ?" ಎಂದು ಕೇಳಿದರು.

ಮೀನಿನಕ್ಕ ನನ್ನ ಕಡೆ ನೋಡಲಿಲ್ಲ. ತಕ್ಕಡಿಯಲ್ಲಿದ್ದ ಮೀನನ್ನೇ ನೋಡುತ್ತಾ, ನಿಧಾನವಾಗಿ ಕನ್ನಡದಲ್ಲಿ ಹೇಳಿದರು. "ಕೊಡಿ ಸಾರ್. ಒಬ್ಬರೇ ಇರುವವರು. ಒಳ್ಳೆಯವರು."

ನೆಲ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ಆವತ್ತು ಆಯಿತು. ಪೊಲೀಸರ ಬೈಕು ತಿರುವಿನಲ್ಲಿ ಮರೆಯಾದ ಮೇಲೆ ಹೇಳಿದೆ.

"ಅಕ್ಕ, ಅವತ್ತು ಮಂಗ ಅಲ್ಲ."

"ಗೊತ್ತುಂಟು" ಎಂದರು. "ಮಂಗ ಬುಟ್ಟಿ ಹೊತ್ತುಕೊಂಡು ಬಾಗಿಲಲ್ಲಿ ನಿಲ್ಲುತ್ತದಾ?"

ನನಗೆ ನಗಲೂ ಆಗಲಿಲ್ಲ. "ಮತ್ತೆ ಪೊಲೀಸರ ಹತ್ತಿರ ಯಾಕೆ ಹಾಗೆ ಹೇಳಿದಿರಿ?"

"ಬೇಡ ಅಂದರೆ ಯಾಕೆ ಅಂತ ಕೇಳುತ್ತಾರಲ್ಲ ಅಕ್ಕ. ಎಂತ ಹೇಳುವುದು ನಾನು?"

ಮೀನು ಪಾತ್ರೆಗೆ ಹಾಕಿದರು. ಕೈ ಒರೆಸಿಕೊಂಡರು. ಆಮೇಲೆ, ಇಷ್ಟು ದಿನ ಇಟ್ಟುಕೊಂಡಿದ್ದ ಮಾತನ್ನು ಕೇಳಿದರು. "ನಾನು ಅಂತ ನಿಮಗೆ ಗೊತ್ತಾದದ್ದು ಒತ್ತಿದ ಮೇಲೆಯಾ, ಮೊದಲೇಯಾ?"

"ಒತ್ತಿದ ಮೇಲೆ."

"ದೇವರಾಣೆ?"

"ದೇವರಾಣೆ."

"ಹಾಗಾದರೆ ಸಮ" ಎಂದರು. ಉಸಿರು ಬಿಟ್ಟದ್ದು ನನಗೆ ಕೇಳಿತು. ಇಷ್ಟು ವರ್ಷ ಮನೆಯೊಳಗೆ ಬಂದು ಹೋದ ಹೆಂಗಸು, ನಾನು ಮುಖ ನೋಡಿಯೇ ಒತ್ತಿದೆನೋ ಎಂಬ ಅನುಮಾನ ಹೊತ್ತುಕೊಂಡು ದಿನಾ ಗೇಟಿಗೆ ಬರುತ್ತಿದ್ದರು. "ಆದರೆ ಇನ್ನು ಕೂಗಿಯೇ ಬರುತ್ತೇನೆ" ಎಂದು ಸೇರಿಸಿದರು.

ಅರ್ಜಿ ಹಿಂದಕ್ಕೆ ತೆಗೆದುಕೊಂಡೆ. ಏರ್‌ಗನ್ನನ್ನು ಕಾರ್ಕಳಕ್ಕೆ ಒಯ್ದು ಕೊಟ್ಟಾಗ ಅಣ್ಣ, "ಆಯ್ತಾ ನಿನ್ನ ಯುದ್ಧ?" ಎಂದು ಛೇಡಿಸಿದ. ಏನಾಯಿತೆಂದು ಅವನಿಗೆ ಹೇಳಿಲ್ಲ. ಗಂಡನಿಗೂ ಹೇಳಿಲ್ಲ, ಲೈಸೆನ್ಸ್ ರಗಳೆ ಜಾಸ್ತಿ ಎಂದುಬಿಟ್ಟೆ. ಹಿಂಬಾಗಿಲಿಗೆ ಕಬ್ಬಿಣದ ಇನ್ನೊಂದು ಬಾಗಿಲು ಹಾಕಿಸಿದ್ದೇನೆ. ಭಯ ಪೂರ್ತಿ ಹೋಗಿಲ್ಲ, ಅದು ಹೋಯಿತು ಎಂದರೆ ಮತ್ತೊಂದು ಸುಳ್ಳಾದೀತು. ಬಾವಿಗೆ ನೀರಿಗೆ ಬರುವ ಹುಡುಗರನ್ನು ಈಗ ನಾನೇ ಮೊದಲು ಮಾತಾಡಿಸುತ್ತೇನೆ. ಅವರಿಗೆ ಅದು ವಿಚಿತ್ರವಾಗಿ ಕಾಣುತ್ತದೆ.

ಮೀನಿನಕ್ಕ ಈಗ ಮತ್ತೆ ಹಿಂದೆ ಬರುತ್ತಾರೆ. ಮೊದಲು ಗೇಟಿನಲ್ಲಿ ಕೂಗುತ್ತಾರೆ. ನಾನು ಒಳಗಿನಿಂದ "ಬನ್ನಿ ಅಕ್ಕ" ಎಂದರೆ ಸಾಲದು, ಅಲ್ಲೇ ನಿಂತಿರುತ್ತಾರೆ. ನಾನು ಒಲೆ ಸಣ್ಣ ಮಾಡಿ, ಸೌಟು ಕೆಳಗಿಟ್ಟು, ಮನೆಯ ಬದಿಯಿಂದ ಸುತ್ತಿ ಅವರಿಗೆ ಕಾಣುವ ಹಾಗೆ ಅಂಗಳಕ್ಕೆ ಬರುತ್ತೇನೆ. ಅವರ ಕಣ್ಣು ನನ್ನ ಮುಖಕ್ಕೆ ಬರುವುದು ಆಮೇಲೆ. ಮೊದಲು ಎರಡೂ ಕೈಯನ್ನು ನೋಡುತ್ತಾರೆ.