ಆನೆ ದಾಟುವಲ್ಲಿ ಗುಂಡು ಅಕ್ಷರ

ಹುಣಸೂರಿನಲ್ಲಿ ನನ್ನದೊಂದು ಬೋರ್ಡಿನ ಅಂಗಡಿ. ಕಂಪ್ಯೂಟರಿನಲ್ಲಿರುವ ಕನ್ನಡ ಅಕ್ಷರಗಳಲ್ಲಿ ಒಂದು ಬಗೆಯ ಮೇಲೆ ನನಗೆ ಮೊದಲಿಂದಲೂ ಪಕ್ಷಪಾತ, ಮುಚ್ಚಿಡುವುದೇನು ಬಂತು. ಅದು ಗುಂಡು ಅಕ್ಷರ. ಎಲ್ಲೂ ಮೂಲೆಯಿಲ್ಲ, ಗೆರೆಯ ತುದಿಗಳೆಲ್ಲ ಬೆರಳ ತುದಿಯ ಹಾಗೆ ದುಂಡಗೆ, ತಲೆಕಟ್ಟು ಸ್ವಲ್ಪ ಓರೆ. ನಾಮಕರಣದ ಫ್ಲೆಕ್ಸಿಗೆ, ಬೇಕರಿಗೆ, ಅಂಗನವಾಡಿ ಗೋಡೆಗೆ ಅದನ್ನೇ ಹಾಕುತ್ತಿದ್ದೆ. ಅಕ್ಷರ ಅದೇ; ಹೊಟ್ಟೆ ಒಂಚೂರು ಉಬ್ಬಿಸಿದರೆ ನೋಡುವವರ ಮುಖ ಯಾಕೆ ಸಡಿಲವಾಗುತ್ತದೆ? ಒಂದೊಂದೇ ಅಕ್ಷರವನ್ನು ಪರದೆಯ ತುಂಬ ದೊಡ್ಡದು ಮಾಡಿ ನೋಡುತ್ತ ಕೂತು ಹೆಂಡತಿಯಿಂದ ಬೈಸಿಕೊಂಡಿದ್ದೇನೆ.

ಹೋದ ವರ್ಷ ವೀರನಹೊಸಹಳ್ಳಿ ಕಡೆಯಿಂದ ಒಬ್ಬ ರೈತ ಹೆಂಗಸು ಬಂದರು. ಅವರ ಹೊಲದ ಪಕ್ಕದಲ್ಲೇ ಸಂಜೆ ಹೊತ್ತು ಆನೆಗಳು ರಸ್ತೆ ದಾಟುತ್ತವೆ. ಅವರ ಗಂಡ ಆನೆಯ ತುಳಿತಕ್ಕೆ ಒಂದು ಕಾಲು ಕಳೆದುಕೊಂಡದ್ದೂ ಅಲ್ಲೇ.

"ಇನ್ನೊಬ್ರಿಗೆ ಅಂಗಾಗ್ಬಾರ್ದು ಕಣಪ್ಪ. ಗಾಡಿಯೋರು ಅಲ್ಲಿ ನಿಲ್ಲಿಸ್ದೆ ಓಗಂಗೆ ಒಂದು ಬೋರ್ಡ್ ಮಾಡ್ಕೊಡು" ಅಂದರು.

ಆನೆ ಎಂದ ಕೂಡಲೇ ನನಗೆ ಹೊಳೆದದ್ದು ಗುಂಡು ಅಕ್ಷರ. ಹಳದಿ ತಗಡಿನ ಮೇಲೆ 'ಆನೆ ದಾಟುವ ಜಾಗ, ನಿಲ್ಲಬೇಡಿ' ಎಂದು ಹಾಕಿ, ಮೊದಲ ಅಕ್ಷರಕ್ಕೆ ಪುಟ್ಟ ಸೊಂಡಿಲನ್ನೂ ಸೇರಿಸಿದೆ. ಆಕೆ ಅನುಮಾನದಿಂದಲೇ ನೋಡಿದರು.

"ಚೆನ್ನಾಗಿದ್ರೆ ತಾನೇ ಅಕ್ಕ, ಜನ ಓದೋದು" ಎಂದು ನಾನೇ ಬುದ್ಧಿ ಹೇಳಿ ಕಳಿಸಿದೆ.

ತಿಂಗಳು ತುಂಬಿರಬೇಕು, ಮತ್ತೆ ಬಂದರು. ಗಂಟಲು ಕಟ್ಟಿಹೋಗಿತ್ತು.

"ಏನ್ ಬೋರ್ಡಪ್ಪ ನಿಂದು? ಕಾರ್ ನಿಲ್ಸ್ಕೊಂಡು ಅದ್ರ ಮುಂದೇನೇ ಫೋಟೋ ತೆಗಿತಾವ್ರೆ. ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತು. ದಿನಾ ಸಾಯಂಕಾಲ ನಾನೇ ಅಲ್ಲಿ ನಿಂತ್ಕೊಂಡು 'ಓಗಿ, ಓಗಿ' ಅಂತ ಕೂಗ್ತಾ ಇವ್ನಿ. ನೆನ್ನೆ ಒಂದು ಮಗೀನ ಬೋರ್ಡ್ ತಾವ ನಿಲ್ಸಿದ್ರು ಕಣಪ್ಪ. ಆನೆ ಆಚೆ ಪೊದೇಲಿತ್ತು."

ಮೊದಲು ನನಗೆ ಸಿಟ್ಟೇ ಬಂದಿತ್ತು, ಜನಕ್ಕೆ ಓದಲು ಬರುವುದಿಲ್ಲವೇ ಎಂದು. ಮಗುವಿನ ವಿಷಯ ಕೇಳಿದ ಮೇಲೆ ಆ ಸಿಟ್ಟು ನನ್ನ ಮೇಲೇ ತಿರುಗಿತು. ನಿಲ್ಲಬೇಡಿ ಎನ್ನುವ ಮಾತನ್ನು ಬಾರೋ ಬಾರೋ ಎನ್ನುವ ಮುಖದಲ್ಲಿ ಬರೆದವನು ನಾನೇ.

ಆಕೆಯನ್ನು ಅಲ್ಲೇ ಕೂರಿಸಿ ಹೊಸ ಬೋರ್ಡ್ ಮಾಡಿದೆ. ಬಿಳಿಯ ಮೇಲೆ ಕೆಂಪು, ಚೌಕಾಕಾರದ ದಪ್ಪ ಅಕ್ಷರ, ಸೊಂಡಿಲು ಗಿಂಡಿಲು ಏನೂ ಇಲ್ಲ. ಆಕೆಯ ಜೊತೆ ನಾನೇ ಹೋಗಿ ಹಳೇ ತಗಡು ಕಿತ್ತು ಇದನ್ನು ಬಿಗಿದೆ. ಅಷ್ಟರಲ್ಲಿ ಬಿಸಿಲು ಇಳಿದಿತ್ತು.

ಒಂದು ಕಾರು ಬಂತು. ನಿಧಾನವಾಯಿತು, ಓದಿದರು, ಹೋದರು. ಹಿಂದೆಯೇ ಎರಡು ಬೈಕು, ಅವರೂ ನಿಲ್ಲಲಿಲ್ಲ. ನನ್ನ ಕೆಲಸವನ್ನು ಯಾರೂ ತಿರುಗಿ ನೋಡಲಿಲ್ಲವೆಂದು ಒಳಗೊಳಗೇ ಕೊಂಚ ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಆಕೆ ಮಾತ್ರ ಇನ್ನೂ ನಾಲ್ಕೈದು ಗಾಡಿ ದಾಟುವವರೆಗೆ ಅಲುಗಾಡದೆ ನೋಡಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನೀನೂ ಒರ್ಡಪ್ಪ. ನಾನು ಮನೇಗೋಯ್ತೀನಿ. ಈ ಒತ್ನಲ್ಲಿ ನಮ್ಮೆಜಮಾನ್ರಿಗೆ ಒಂದು ಲೋಟ ಕಾಪಿ ಕಾಯ್ಸಿಕೊಟ್ಟು ತಿಂಗಳಾಯ್ತು."